ಕುತ್ತಿಗೆ ಇಲ್ಲದ ಪ್ರಾಣಿ

ತಲೆ ಇಲ್ಲ, ಕುತ್ತಿಗೆ ಇಲ್ಲ, ಹನಿ ರಕ್ತವಿಲ್ಲ. ಪ್ರಯೋಗಾಲಯದ ತಟ್ಟೆಯ ಉಪ್ಪುನೀರಿನಲ್ಲಿ ಕೊಡೆಯಂತೆ ಬಿಚ್ಚಿ ಮುಚ್ಚುತ್ತಿದ್ದ ಜೆಲ್ಲಿಮೀನಿನ ಮುಂದೆ ಕತ್ತರಿ ಹಿಡಿದು ನಿಂತೆ. ಕನ್ನಡ, ತೆಲುಗು ಎರಡೂ ಆಡುವ ಗಡಿಯೂರು ಗುಮ್ಮಘಟ್ಟದ ಕುರಿ ಸಾಕುವ ಮನೆಯವಳಾದ ನನಗೆ ಎಲ್ಲಿ ಕೊಯ್ಯಬೇಕೆಂದೇ ತಿಳಿಯಲಿಲ್ಲ.

ಸಂಶೋಧನೆಗೆಂದು ವಿಶಾಖಪಟ್ಟಣಕ್ಕೆ ಬಂದ ಹೊಸತು ಅದು. ಇಲ್ಲಿನ ತೆಲುಗೇ ಬೇರೆ. ‘ಏನು’ ಎನ್ನಲು ನಮ್ಮ ಕಡೆಯ ತೆಲುಗಿನಲ್ಲಿ ‘ಏಮಿ’, ಇವರಿಗೆ ‘ಏಟಿ’. ಮನೆಯೊಡತಿ ಬಡಿಸಿದ ಅನ್ನ, ಮೀನುಸಾರಿನ ಮುಂದೆ ಕೂತು ರೊಟ್ಟಿ ನೆನೆದು ಅತ್ತಿದ್ದೇನೆ. ಹಾಗಿದ್ದರೆ ಊರಿಗೆ ಯಾಕೆ ಮರಳಲಿಲ್ಲ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ.

ದೇವರಿಗೆ ಕುರಿ ಕೊಯ್ಯುವ ಮುನ್ನ ನಮ್ಮಲ್ಲಿ ಅದರ ಮೈಮೇಲೆ ನೀರು ಸುರಿದು ಕಾಯುತ್ತಾರೆ. ಕುರಿ ಮೈ ಕೊಡವಿದರೆ ಒಪ್ಪಿತೆಂದು ಅರ್ಥ, ಆಮೇಲೇ ಮಚ್ಚು. ಮಡಕಶಿರದ ಸೋದರಮಾವನನ್ನು ಮದುವೆಯಾಗುವುದಿಲ್ಲವೆಂದು ನಾನು ಹಟ ಹಿಡಿದ ದಿನ ಅಣ್ಣ ಆ ಮಾವನ ಎದುರಿಗೇ ನನ್ನ ಜಡೆ ಹಿಡಿದು ಅಂಗಳಕ್ಕೆಳೆದ. ತುಟಿ ಒಡೆದು ರಕ್ತ ಬರುವಂತೆ ಬಾರಿಸಿದ. ಒಂದು ಕೊಡ ತಣ್ಣೀರು ತಲೆಮೇಲೆ ಸುರಿದ. ನಾನು ಗಡಗಡ ನಡುಗಿದೆ.

“ನೋಡ್ರಿ ಮಾವಾ, ಮೈ ಕೊಡವಿದ್ಲು! ಒಪ್ಯಾಳ!”

ನೆರೆದವರೆಲ್ಲ ನಕ್ಕರು, ಅವರ ಬಾಯಿಗೆ ಮಣ್ಣು ಹಾಕ. ಸಂಶೋಧನೆಗೆ ಸೀಟು ಸಿಕ್ಕಿದ್ದ ಈ ಊರಿಗೆ ಮರುದಿನವೇ ಓಡಿಬಂದೆ. ಆದರೆ ನಡುಗಿದ್ದು ನಾನೇ ತಾನೆ ಎಂಬ ಅಳುಕೂ ಜೊತೆಗೇ ಬಂತು.

ಕತ್ತರಿ ಹಿಡಿದು ನಿಂತೇ ಇದ್ದ ನನಗೆ “ಅಂಚು ಕತ್ತರಿಸು” ಎಂದರು ನನ್ನ ಮಾರ್ಗದರ್ಶಕಿ ಮೇಡಂ. ಜೆಲ್ಲಿಮೀನಿಗೆ ಮಿದುಳಿಲ್ಲ. ಅಂಚಿನ ಸುತ್ತ ಎಂಟು ಪುಟ್ಟ ನರಗಂಟುಗಳಿವೆ. ಅಲ್ಲಿ ಹುಟ್ಟಿದ ಮಿಡಿತ ಮೈಯ ನರಬಲೆಯಲ್ಲಿ ಹರಡಿದಾಗ ಸ್ನಾಯು ಬಿಗಿಯುತ್ತದೆ, ನೀರು ಹಿಂದಕ್ಕೆ ಚಿಮ್ಮುತ್ತದೆ, ಪ್ರಾಣಿ ಮುಂದಕ್ಕೆ ಈಜುತ್ತದೆ. ಏಳನ್ನು ಕತ್ತರಿಸಿದೆ, ಉಳಿದ ಒಂದರ ಬಲದಲ್ಲೇ ಈಜಿತು. ಅದನ್ನೂ ಕತ್ತರಿಸಿದೆ. ನಿಂತುಹೋಯಿತು. ಮೇಡಂ ಸೂಜಿಯಿಂದ ಚುಚ್ಚಿದರು. ಇಡೀ ಮೈ ಒಮ್ಮೆ ಅದುರಿತು.

“ಅದು ಬೇಕು ಅಂತ ಅದುರಿತಾ?” ಎಂದು ಕೇಳಿದೆ.

“ಬೇಕು ಬೇಡ ಎಲ್ಲಿಂದ ಬಂತು? ನಾನು ಚುಚ್ಚಿದೆ, ನರ ಮಿಡಿಯಿತು, ಅಷ್ಟೇ.”

ಕತ್ತರಿ ಕೆಳಗಿಟ್ಟು ಹೊರಗೆ ಬಂದು ಅವ್ವನಿಗೆ ಫೋನು ಮಾಡಿದೆ.

“ಅವತ್ತು ನಾ ಒಪ್ಪಿರ್ಲಿಲ್ಲವ್ವಾ. ನೀರು ತಣ್ಣಗಿತ್ತು, ಅದಕ್ಕ ನಡುಗಿದೆ.”

ಅವ್ವ, “ಗೊತ್ತೈತಿ ಮಗಳಾ. ನನ್ನ ಮದುವ್ಯಾಗ ಆ ನೀರು ಸೈತ ಯಾರೂ ಹಾಕ್ಲಿಲ್ಲ” ಎಂದಳು.

ಅವಳ ಪಕ್ಕ ಕೂತು ರೊಟ್ಟಿ ಮುರಿಯಲು ಜೀವ ಹಾತೊರೆಯುತ್ತದೆ. ಆ ಅಂಗಳ ತುಳಿಯಲು ಕಾಲು ಒಪ್ಪುವುದಿಲ್ಲ.