ವಾಸಣ್ಣನ ಎಡಗಣ್ಣು

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ. ಮುಂಬೈಯ ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ನಾನು ಆಕ್ಯುಲರಿಸ್ಟ್ ಆಗಿದ್ದೆ. ಎಂದರೆ, ಕಣ್ಣು ಕಳೆದುಕೊಂಡವರಿಗೆ ಅಕ್ರಿಲಿಕ್‌ನ ಕೃತಕ ಕಣ್ಣು ಮಾಡಿಕೊಡುವವಳು. ಅದಕ್ಕೆ ನೋಟ ಇರುವುದಿಲ್ಲ. ಉಳಿದ ಕಣ್ಣಿಗೆ ಜೋಡಿಯಾಗಿ ಕಂಡರೆ ಸಾಕು. ನನ್ನ ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು.

ಚಿತ್ರ ಬಿಡಿಸುವುದು ನನಗೆ ದೇವರು ಕೊಟ್ಟ ಗಿಫ್ಟ್ ಎಂದು ಮಂಗಳೂರಿನ ಕಾನ್ವೆಂಟಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಸಿಸ್ಟರ್ ಹೇಳುತ್ತಿದ್ದರು. "ಯೂಸ್ ಇಟ್, ಚೈಲ್ಡ್. ಏನು ಮಾಡಿದೆ ಅಂತ ಅವನು ಕೇಳಿಯೇ ಕೇಳ್ತಾನೆ." ಬೊರಿವಲಿಯ ನಮ್ಮ ಚರ್ಚಿನಲ್ಲಿ ಆಲ್ಟರ್ ಪೀಠದ ಹಿಂದಿನ ಗೋಡೆಗೆ ಒಂದು ದೊಡ್ಡ ಚಿತ್ರ ಬರೆಯಬೇಕು ಎಂಬುದೇ ನನ್ನ ಲೆಕ್ಕದಲ್ಲಿ ಆ ಪ್ರಶ್ನೆಗೆ ಉತ್ತರ. ಮೂವತ್ತು ವರ್ಷ ಕಾದೆ. ಕೊನೆಗೆ ಕಮಿಟಿಯವರು ಪ್ರಿಂಟ್ ಮಾಡಿದ ಚಿತ್ರ ತಂದು ಹಾಕಿದರು. ನನ್ನ ಪಾಲಿಗೆ ಉಳಿದದ್ದು ಹನ್ನೊಂದೂವರೆ ಮಿಲಿಮೀಟರ್ ಅಗಲದ ಐರಿಸ್, ಅಂದರೆ ಕಣ್ಣಿನ ನಡುವಿನ ಬಣ್ಣದ ಬಿಲ್ಲೆ.

ಆಗ ಬಂದವರು ವಾಸಣ್ಣ. ಉಡುಪಿ ಕಡೆಯವರು, ಬೊರಿವಲಿ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಸಪ್ಲೈಯರ್. ಸೋಂಕಿನಿಂದ ಎಡಗಣ್ಣು ತೆಗೆಯಬೇಕಾಗಿ ಬಂದಿತ್ತು. ಆಮೇಲೆ ಧಣಿ ಅವರಿಗೆ ಕಪ್ಪು ಕನ್ನಡಕ ಕೊಟ್ಟು ಹಿಂದೆ ಪಾತ್ರೆ ತೊಳೆಯುವ ಕಡೆ ನಿಲ್ಲಿಸಿದ್ದರು. ಗಿರಾಕಿಗಳು ಮುಜುಗರ ಪಡುತ್ತಾರಂತೆ.

"ಹನ್ನೆರಡು ಟೇಬಲ್ ಮೇಡಂ, ಒಂದೂ ಬರ್ಕೊಳ್ಳುದಿಲ್ಲ ನಾನು. ಮುಖ ನೋಡಿದ್ರೆ ಆರ್ಡರ್ ನೆನಪಿರ್ತದೆ," ಎಂದರು. "ಹಿಂದೆ ಎಂತ ನೋಡುದು? ನಲ್ಲಿಯಾ? ನನ್ನನ್ನು ಮುಂದೆ ಹೋಗುವ ಹಾಗೆ ಮಾಡಿಕೊಡಿ."

ಬ್ರಶ್ ಎತ್ತುವ ಮೊದಲು ಶಿಲುಬೆಯ ಗುರುತು ಮಾಡುವುದು ನನ್ನ ಅಭ್ಯಾಸ. ಅಂದೂ ಮಾಡಿದೆ. ಆದರೆ ನಿಜ ಹೇಳಬೇಕೆಂದರೆ, ಆ ಕಣ್ಣನ್ನು ನಾನು ವಾಸಣ್ಣನಿಗಾಗಿ ಬರೆಯಲಿಲ್ಲ. ನಿವೃತ್ತಿಯ ಮೊದಲು ಒಂದು ಮಾಸ್ಟರ್‌ಪೀಸ್ ಬೇಕಿತ್ತು ನನಗೆ. ಜೇನುಬಣ್ಣದ ಐರಿಸ್, ಕೂದಲೆಳೆಯಂಥ ಗೆರೆಗಳು, ಹಾಲಿನಂಥ ಬಿಳುಪು. ಆಸ್ಪತ್ರೆಯವರೆಲ್ಲ ಬಂದು ನೋಡಿದರು. ಫೋಟೋ ತೆಗೆದು ನಮ್ಮ ಚರ್ಚಿನ ಫಾದರ್‌ಗೂ ತೋರಿಸಿದೆ.

ಆ ಕಣ್ಣು ಹಾಕಿಸಿಕೊಂಡು ಹೋದ ಎರಡು ವಾರದ ನಂತರ ವಾಸಣ್ಣ ಮತ್ತೆ ಬಂದರು. ಮುಖದ ಮೇಲೆ ಅದೇ ಕಪ್ಪು ಕನ್ನಡಕ, ಕೈಯಲ್ಲಿ ನನಗೆಂದು ಒಂದು ಪೊಟ್ಟಣ ಬಿಸಿ ಗೋಳಿಬಜೆ. ಜೊತೆಯಲ್ಲಿ ಹೆಂಡತಿ ಗಿರಿಜಾ.

"ಕಣ್ಣು ಲಾಯ್ಕುಂಟು ಮೇಡಂ, ಭಾರೀ ಲಾಯ್ಕುಂಟು," ಎಂದು ನೆಲ ನೋಡಿದರು.

"ಇವರು ಸಾಯುವವರೆಗೂ ಹೇಳುದಿಲ್ಲ, ನಾನು ಹೇಳ್ತೇನೆ," ಎಂದರು ಗಿರಿಜಾ. "ಗಿರಾಕಿಗಳು ಆರ್ಡರ್ ಕೊಡುದು ಬಿಟ್ಟು ಕಣ್ಣನ್ನೇ ನೋಡ್ತಾರಂತೆ. ಒಬ್ಬ ಅಂತೂ, 'ಚಾಚಾ, ಯೇ ಇಂಪೋರ್ಟೆಡ್ ಹೈ ಕ್ಯಾ?' ಅಂತ ಕೇಳಿದನಂತೆ. ಎರಡೇ ದಿನಕ್ಕೆ ಧಣಿ ಪುನಃ ಹಿಂದೆ ಕಳಿಸಿದ್ರು. ಬೇಜಾರು ಮಾಡ್ಬೇಡಿ ಆಯ್ತಾ? ನೀವು ಬರೆದ ಕಣ್ಣು ಈಗಷ್ಟೇ ನಿದ್ದೆ ಮಾಡಿ ಎದ್ದದ್ದು. ಇವರ ಕಣ್ಣು ಮೂವತ್ತು ವರ್ಷ ದುಡಿದದ್ದು."

"ಗಿರಿಜಾ, ಸುಮ್ನಿರು ಮಾರಾಯ್ತಿ!"

ನಾನು ವಾಸಣ್ಣನನ್ನು ಕಿಟಕಿಯ ಬಳಿ ಕೂರಿಸಿ ಕನ್ನಡಕ ತೆಗೆಸಿದೆ. ಬಲಗಣ್ಣನ್ನು ಸರಿಯಾಗಿ ನೋಡಿದ್ದು ಅವತ್ತೇ ಎನ್ನಬೇಕು. ಬಿಳಿಯ ಭಾಗದಲ್ಲಿ ಅಡುಗೆಮನೆಯ ಹೊಗೆ ಕುಡಿದ ಹಳದಿ. ಮೂಲೆಯಲ್ಲಿ ಕೆಂಪು ನರಗಳು. ಐರಿಸ್ ಅಂಚಿಗೆ ವಯಸ್ಸು ತರುವ ಬೂದು ಉಂಗುರ. ಇಷ್ಟೆಲ್ಲ ಎದುರಿಗಿದ್ದೂ ನಾನು ಏನನ್ನು ನೋಡಿಕೊಂಡು ಬರೆದಿದ್ದೆ?

ಬಣ್ಣದ ಮೇಲೆ ಪಾರದರ್ಶಕ ಪದರ ಕೂತ ಮೇಲೆ ತಿದ್ದಲಾಗುವುದಿಲ್ಲ. ಮುಂಭಾಗವನ್ನೇ ಗ್ರೈಂಡರ್‌ಗೆ ಹಿಡಿದು ಉಜ್ಜಿ ತೆಗೆಯಬೇಕು. ನನ್ನ ಮಾಸ್ಟರ್‌ಪೀಸನ್ನು ನಾನೇ ಹಿಡಿದೆ. ಒಂದು ಮಿಲಿಮೀಟರ್. ಜೇನುಬಣ್ಣವೆಲ್ಲ ಪುಡಿಯಾಗಿ ಏಪ್ರನ್ ಮೇಲೆ ಬಿತ್ತು. "ಸಾರಿ, ಲಾರ್ಡ್," ಎಂದೆ.

ಮರುದಿನ ಬೆಳಗಿನ ಬೆಳಕಿನಲ್ಲಿ ನಾನೂ ವಾಸಣ್ಣನೂ ಎದುರುಬದುರು ಕೂತೆವು. ನರಗಳನ್ನು ನಾವು ಬ್ರಶ್‌ನಿಂದ ಬರೆಯುವುದಿಲ್ಲ, ಕೆಂಪು ರೇಷ್ಮೆ ದಾರದ ಎಳೆ ಬಿಡಿಸಿ ಅಂಟಿಸುತ್ತೇವೆ. ನನ್ನ ಬ್ಯಾಗಿನಲ್ಲಿ ಆಲ್ಟರ್ ಬಟ್ಟೆಗೆ ಕಸೂತಿ ಹಾಕಿ ಉಳಿದ ದಾರವಿತ್ತು. ಅದರಲ್ಲೇ ಒಂಬತ್ತು ಎಳೆ ಇಟ್ಟೆ. ಹಳದಿ ಹಚ್ಚಿದೆ, ಬೂದು ಉಂಗುರ ಎಳೆದೆ. ಮಧ್ಯಾಹ್ನದ ತನಕ ವಾಸಣ್ಣ ಯಾವ ಟೇಬಲಿನವರಿಗೆ ಸಾಂಬಾರ್ ಬೇರೆ ಬೇಕು, ಯಾರಿಗೆ ಕಾಫಿಗೆ ಸಕ್ಕರೆ ಬೇಡ ಎಂದು ಹೇಳುತ್ತಲೇ ಇದ್ದರು, ನನಗೆ ಅದರಲ್ಲಿ ಪರೀಕ್ಷೆ ಇದೆ ಎಂಬ ಹಾಗೆ. ಕಾಫಿಗೆ ಸಕ್ಕರೆ ನನಗೂ ಬೇಡ ಎಂದು ನಡುವೆ ಒಮ್ಮೆ ಹೇಳಿದೆ. ಆ ಕಣ್ಣಿನ ಫೋಟೋವನ್ನು ನಾನು ತೆಗೆಯಲಿಲ್ಲ.

ಒಂದು ತಿಂಗಳ ಮೇಲೆ, ಭಾನುವಾರ ಚರ್ಚಿನಲ್ಲಿ ಮಾಸ್ ಮುಗಿಸಿ ಗೆಳತಿ ಲೀನಾಳನ್ನು ಆ ಹೋಟೆಲಿಗೆ ಕರೆದುಕೊಂಡು ಹೋದೆ. ಎಲ್ಲಿಗೆ, ಏಕೆ ಎಂದು ಹೇಳಿರಲಿಲ್ಲ. ಒಳಗೆ ಕಾಲಿಡಲು ಜಾಗವಿಲ್ಲ. ವಾಸಣ್ಣ ಕನ್ನಡಕವಿಲ್ಲದೆ ಟೇಬಲಿನಿಂದ ಟೇಬಲಿಗೆ ಓಡುತ್ತಿದ್ದರು. ನಮ್ಮ ಹತ್ತಿರ ಬಂದು, "ಮೇಡಂಗೆ ಶುಗರ್‌ಲೆಸ್," ಎಂದು ನಾನು ಬಾಯಿ ತೆರೆಯುವ ಮೊದಲೇ ಹೇಳಿ ನಕ್ಕು ಮುಂದಕ್ಕೆ ಹೋದರು.

"ವಾಟ್ ಎ ಮೆಮರಿ!" ಎಂದಳು ಲೀನಾ. "ಒಂದಕ್ಷರ ಬರೆದುಕೊಳ್ಳಲಿಲ್ಲ, ನೋಡಿದ್ಯಾ? ಅದೂ ಒಂದು ಗಿಫ್ಟ್ ಕಣೇ."

ಕಣ್ಣಿನ ವಿಷಯ ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಈಗ ಕೈ ನಡುಗುತ್ತದೆ, ಸೂಜಿಗೆ ದಾರ ಪೋಣಿಸಲೂ ಯಾರನ್ನಾದರೂ ಕರೆಯಬೇಕು. ಆದರೆ ಸಿಸ್ಟರ್ ಹೇಳಿದ ಆ ಪ್ರಶ್ನೆಯನ್ನು ದೇವರು ಕೇಳಿದಾಗ ನಾನು ಚರ್ಚಿನ ಗೋಡೆಯ ಮಾತು ಆಡುವುದಿಲ್ಲ. ಎದುರಿಗೆ ಕೂತವರನ್ನು ನೋಡಿ, ಅವರಿಗೆ ಬೇಕಾದದ್ದನ್ನು ಬರೆಯುವುದೇ ಆ ಗಿಫ್ಟಿನ ಕೆಲಸ ಎಂದು ನನ್ನ ಉದ್ಯೋಗ ಕೊನೆಯ ವರ್ಷದಲ್ಲಿ ಕಲಿಸಿತು. ನಾನು ಬರೆದ ಅತ್ಯುತ್ತಮ ಚಿತ್ರ ಅಂದು ಬೊರಿವಲಿಯ ಆ ಗದ್ದಲದಲ್ಲಿ ಇಡ್ಲಿ, ವಡೆ ಹಂಚುತ್ತಾ ಓಡಾಡುತ್ತಿತ್ತು. ಯಾರೂ ಅದನ್ನು ನೋಡುತ್ತಿರಲಿಲ್ಲ.