ನಕ್ಷೆಯಲ್ಲಿ ಇಲ್ಲದ ಓಣಿ

ಮೊನ್ನೆ ಮಗಳು ತಲೆಗೆ ಹಚ್ಚುವ ಬಣ್ಣದ ಡಬ್ಬಿ ಬಿಚ್ಚಿದಳು. ಅಮೋನಿಯಾದ ಘಾಟು ಅಡುಗೆಮನೆಯವರೆಗೂ ಬಂತು. ಒಮ್ಮೆಲೇ ನಕ್ಷೆ ಸರ್ ನೆನಪಾದರು. ಅವರ ಅಂಗಿ, ಕೈಬೆರಳು, ಊಟದ ಡಬ್ಬಿಗೂ ಇದೇ ವಾಸನೆ. ನಕ್ಷೆಯ ಪ್ರತಿ ತೆಗೆಯಲು ಆಗ ಅಮೋನಿಯಾ ಬೇಕಿತ್ತು.

ತೊಂಬತ್ತರ ದಶಕದ ಕೊನೆ... ಕಂಪ್ಯೂಟರ್ ಕೋರ್ಸ್ ಮುಗಿಸಿ ದಾವಣಗೆರೆಯ ಒಂದು ಖಾಸಗಿ ಆಫೀಸಿಗೆ ಸೇರಿದ್ದೆ. ಊರು ಮುಂದೆ ಹೇಗೆ ಬೆಳೆಯಬೇಕೆಂದು ತೋರಿಸುವ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಮ್ಮದು. ನಕ್ಷೆ ಸರ್ ಸರ್ಕಾರದಲ್ಲಿ ನಕ್ಷೆ ಬರೆದು ನಿವೃತ್ತರಾಗಿ ನಮ್ಮ ಆಫೀಸಿಗೆ ಸೇರಿದವರು. ದಿನಾ ಹರಿಹರದಿಂದ ಬಸ್ಸಿಗೆ ಬರುತ್ತಿದ್ದರು. ಹಳೇ ನಕ್ಷೆಗಳನ್ನು ನಂಬುತ್ತಿರಲಿಲ್ಲ. ಓಣಿ ಓಣಿ ನಡೆದು, ಬಾಗಿಲಲ್ಲಿ ನಿಂತವರನ್ನು ಮಾತಾಡಿಸಿ, ಬಾವಿ, ನಲ್ಲಿ, ಗುಡಿಸಲು ಎಲ್ಲ ಗುರುತು ಹಾಕಿಕೊಂಡು ಬರುತ್ತಿದ್ದರು. ಅದನ್ನು ನೋಡಿ ನಾನು ಪರದೆಯ ಮೇಲೆ ಗೆರೆ ಎಳೆಯುತ್ತಿದ್ದೆ.

"ನಕ್ಷೇಲಿ ಮನೆ ಇಲ್ಲ ಅಂದ್ರೆ ಅಲ್ಲಿ ಜನಾನೇ ಇಲ್ಲ ಅಂತ ಓದ್ತಾರವ್ವಾ. ಒಂದೂ ಬಿಡಬ್ಯಾಡ," ಅನ್ನುತ್ತಿದ್ದರು.

ಆಗಷ್ಟೇ ಊರಿಗೆ ಇಂಟರ್ನೆಟ್ ಬಂದಿತ್ತು. ಕರಡು ನಕ್ಷೆಯನ್ನು ಅದರಲ್ಲಿ ಹಾಕೋಣ, ಜನ ನೋಡಿ ತಮ್ಮ ತಕರಾರನ್ನು ಅಲ್ಲೇ ಬರೆಯಲಿ ಎಂದು ನಮ್ಮ ಆಫೀಸಿನ ಮಾಲೀಕರು ಮುಂದಾದರು. ನಕ್ಷೆ ಸರ್‌ಗೆ ಎಲ್ಲರಿಗಿಂತ ಹೆಚ್ಚು ಖುಷಿ. ಆದರೆ ನಕ್ಷೆ ಭಾರವಾಗಿತ್ತು, ಫೋನ್ ಲೈನಿನಲ್ಲಿ ತೆರೆಯುತ್ತಲೇ ಇರಲಿಲ್ಲ. "ಸಣ್ಣಪುಟ್ಟವನ್ನೆಲ್ಲ ತೆಗೆದುಹಾಕಮ್ಮ," ಎಂದರು ಮಾಲೀಕರು. ಮಂಡಕ್ಕಿ ಭಟ್ಟಿಗಳ ಹಿಂದೆ ಒಂದು ಓಣಿಯಿತ್ತು, ಪಟ್ಟಾ ಇಲ್ಲದ ಮೂವತ್ತು ಚಿಲ್ಲರೆ ಮನೆ. ಅವನ್ನು ನಾನೇ ತೆಗೆದೆ. ಆ ಜಾಗಕ್ಕೆ ಉದ್ಯಾನದ ಹಸಿರು ಬಣ್ಣ ಬಂತು. ಆಮೇಲೆ ಸೇರಿಸಿದರಾಯಿತು ಅಂದುಕೊಂಡೆ. ನಕ್ಷೆ ಸರ್‌ಗೆ ಹೇಳಲಿಲ್ಲ.

ಅವರು ಆ ಓಣಿಯ ಐದಾರು ಜನರನ್ನು ಕರೆದುಕೊಂಡು ಊರಿಗೆ ಒಂದೇ ಇದ್ದ ಇಂಟರ್ನೆಟ್ ಅಂಗಡಿಗೆ ಹೋದರು. ನನಗೂ ಬಾ ಅಂದರು, ಹೋದೆ. ನಕ್ಷೆ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ಭಟ್ಟಿಯಲ್ಲಿ ದುಡಿಯುವ ಹೆಂಗಸೊಬ್ಬಳು ಪರದೆಯ ಹತ್ತಿರ ಬಗ್ಗಿದಳು.

"ಸರ, ನಮ್ಮನಿ ಎಲ್ಲೈತ್ರಿ?"

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ನೀನು ತೆಗೆದ್ಯಾ?"

"ಮಾಲೀಕರು ಹೇಳಿದ್ರು ಸರ್..."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆ ಮನೆಯನ್ನೂ ಕೈಯಿಂದ ಬರೆದು, ಓಣಿಯವರ ಹೆಬ್ಬೆಟ್ಟು ಹಾಕಿಸಿ, ತಕರಾರಿನ ಅವಧಿ ಮುಗಿಯುವ ದಿನ ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟು ಬಂದರು. ಯಾವ ಉತ್ತರವೂ ಬರಲಿಲ್ಲ. ಕರಡೇ ಅಂತಿಮವಾಯಿತು. ನಾನೂ ಆ ಮನೆಗಳನ್ನು ಮತ್ತೆ ಸೇರಿಸಲಿಲ್ಲ. ಮಾಲೀಕರನ್ನು ಕೇಳಿ ನೋಡುವ ಧೈರ್ಯವೂ ಮಾಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬುಲ್ಡೋಜರ್ ಬಂತು. ಸುದ್ದಿ ಕೇಳಿ ಓಡಿದೆ. ನಕ್ಷೆ ಸರ್ ತಮ್ಮ ಹಾಳೆ ಬಿಚ್ಚಿ ಹಿಡಿದು ನಿಂತಿದ್ದರು. ಎಂಜಿನಿಯರ್ ಒಬ್ಬರು ಇನ್ನೊಂದು ಹಾಳೆ ತೋರಿಸಿದರು. "ಇಲ್ಲಿ ನೋಡ್ರಿ, ಇಲ್ಲೇನೂ ಇಲ್ಲ." ಅದು ನಾನು ಪ್ರಿಂಟ್ ತೆಗೆದುಕೊಟ್ಟ ಹಾಳೆ. ಊಟದ ಹೊತ್ತಿಗೆ ಓಣಿ ಇರಲಿಲ್ಲ. ಪಾತ್ರೆ, ಹಾಸಿಗೆ, ಒಂದು ಹೊಲಿಗೆ ಮಷಿನ್, ಎಲ್ಲ ರಸ್ತೆಯ ಮೇಲೆ ಬಿಸಿಲಲ್ಲಿ...

ಮಾರನೇ ದಿನದಿಂದ ಅವರು ಆಫೀಸಿಗೆ ಬರಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಹರಿಹರಕ್ಕೆ ಹೋದೆ. ಅವರ ಮನೆಯವರು, "ಪೆನ್ನು ಮುಟ್ಟವಲ್ರು ಕಣಮ್ಮ," ಎಂದರು. ಕಟ್ಟೆಯ ಮೇಲೆ ಕೂತಿದ್ದ ಅವರು ಕೇಳಿದ್ದು ಒಂದೇ ಮಾತು: "ಆ ಜನ ಎಲ್ಲಿಗೆ ಹೋದ್ರು, ಗೊತ್ತಾತಾ?"

ನನಗೆ ಗೊತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದು ಹೋದವಳು ಚಹಾ ಕುಡಿದು ಎದ್ದು ಬಂದೆ. ದೀಪಾವಳಿ ಕಳೆದು ವಾರಕ್ಕೆ ಅವರು ತೀರಿಕೊಂಡರು.

ಈಗ ಫೋನಿನ ನಕ್ಷೆಯಲ್ಲೇ ಊರಿನ ಪ್ರತಿ ಮಾಳಿಗೆಯೂ ಕಾಣುತ್ತದೆ. ನಿನ್ನೆ ಆ ಜಾಗ ಹುಡುಕಿದೆ. 'ಉದ್ಯಾನವನ' ಎಂದಿತ್ತು. ಕೆಳಗೆ, ಬಿಟ್ಟುಹೋದ ಸ್ಥಳವನ್ನು ಸೇರಿಸಿ ಎಂದು ಒಂದು ಖಾಲಿ ಚೌಕ. ಒತ್ತಿದೆ. ಮೊದಲು ಹೆಸರು ಕೇಳಿತು. ಅಲ್ಲಿನವರು ತಮ್ಮ ಓಣಿಯನ್ನು ಏನೋ ಒಂದು ಹೆಸರಿಟ್ಟು ಕರೆಯುತ್ತಿದ್ದರು. ನಕ್ಷೆ ಸರ್‌ಗೆ ಗೊತ್ತಿತ್ತು. ನಾನು ಕೇಳಿಕೊಂಡಿರಲಿಲ್ಲ.