ಉಸಿರಿನ ಮೇಷ್ಟ್ರು ಹೊತ್ತ ಅಪವಾದ

ಮೊನ್ನೆ ನೆಗಡಿಯೆಂದು ಸೊಸೆ ನೀಲಗಿರಿ ಎಣ್ಣೆಯ ಸೀಸೆ ತೆರೆದಳು. ಆ ವಾಸನೆಗೆ ಒಂಟಿಕೊಪ್ಪಲಿನ ನಮ್ಮ ಹಳೆಯ ಮನೆ, ಎದೆಗೆ ಅದೇ ಎಣ್ಣೆ ತಿಕ್ಕಿಕೊಂಡು ಗೋಡೆಗೊರಗಿ ಕೂರುತ್ತಿದ್ದ ಅಮ್ಮ, ಆಮೇಲೆ ಎದುರುಮನೆಯ ಯೋಗದ ಮೇಷ್ಟ್ರು... ಎಲ್ಲ ಒಂದರ ಹಿಂದೊಂದು ನೆನಪಿಗೆ ಬಂದವು.

ಅದು ಐವತ್ತರ ದಶಕ. ನನಗೆ ಇಪ್ಪತ್ತು ವರ್ಷ. ಅಮ್ಮನಿಗೆ ಉಬ್ಬಸ. ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು; ಬೆಳಿಗ್ಗೆ ತಮ್ಮ ಜಗಲಿಯಲ್ಲಿ ಏಳೆಂಟು ಜನಕ್ಕೆ ಪ್ರಾಣಾಯಾಮ ಹೇಳಿಕೊಡುತ್ತಿದ್ದರು. ಅಮ್ಮ, ನಾನು ಇಬ್ಬರೂ ಹೋಗುತ್ತಿದ್ದೆವು. ಮೂಗು ಹಿಡಿಸುವುದಕ್ಕಿಂತ, ಸುಮ್ಮನೆ ಕೂತು ಉಸಿರು ಬರುವುದನ್ನೂ ಹೋಗುವುದನ್ನೂ ನೋಡಿಸುತ್ತಿದ್ದದ್ದೇ ಹೆಚ್ಚು. ನಾಲ್ಕು ತಿಂಗಳಲ್ಲಿ ಅಮ್ಮನ ಮುಖ ತಿಳಿಯಾಯಿತು.

“ಇನ್ನು ಮಾತ್ರೆ ಬಿಟ್ಟುಬಿಡ್ಲಾ ಮೇಷ್ಟ್ರೇ?” ಎಂದು ಅಮ್ಮ ಒಂದು ದಿನ ಕೇಳಿದಳು.

ಮೇಷ್ಟ್ರು ಗಾಬರಿಯಾದರು. “ಬ್ಯಾಡಿ ತಾಯಿ. ಎದೆಗೆ ಡಾಕ್ಟ್ರ ಮಾತ್ರೇನೇ ಬೇಕು. ಇದು ಮನಸ್ಸು ತನ್ನನ್ನ ತಾನು ನೋಡ್ಕೊಳ್ಳಕ್ಕೆ. ಉಸಿರು ಅದಕ್ಕೊಂದು ದಾರಿ ಅಷ್ಟೇ ಕಣ್ರಮ್ಮ.”

ಅಮ್ಮ ತಲೆಯಾಡಿಸಿದಳು. ಆದರೆ ಮಾತ್ರೆಗಳನ್ನು ನುಂಗದೆ ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದದ್ದು ನನ್ನ ಕಣ್ಣಿಗೆ ಬಿತ್ತು. “ನಿಮ್ಮಪ್ಪನಿಗೆ ಹೇಳ್ಬೇಡ ಕಣೇ,” ಎಂದಳು. ನಾನು ಹೇಳಲಿಲ್ಲ.

ಮಾಗಿಯ ಒಂದು ಮಧ್ಯಾಹ್ನ ಅಮ್ಮನಿಗೆ ಉಸಿರು ಕಟ್ಟಿತು. ಜಟಕಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಕರ್ಮಾಂತರವೆಲ್ಲ ಕಳೆದ ಮೇಲೆ ಅಪ್ಪನ ಕೈಗೆ ಆ ಡಬ್ಬಿ ಸಿಕ್ಕಿತು. ಬೀದಿಗೆ ನುಗ್ಗಿದವರೇ, “ಮಾತ್ರೆ ಬಿಡಿಸಿ ಕೊಂದ್ಬುಟ್ರಲ್ರೀ!” ಎಂದು ಕೂಗಿದರು. ನೆರೆಹೊರೆಯವರೆಲ್ಲ ಹೊರಗೆ ಬಂದರು. ಮೇಷ್ಟ್ರು ಜಗಲಿಗೆ ಬಂದು ನಿಂತರು. ನನ್ನ ಕಡೆ ಒಮ್ಮೆ ನೋಡಿದರು. ನಾನು ಬಾಗಿಲ ಹಿಂದಕ್ಕೆ ಸರಿದೆ.

ಮಾರನೆಯ ದಿನದಿಂದ ಜಗಲಿಗೆ ಯಾರೂ ಬರಲಿಲ್ಲ. ಎರಡು ವಾರ ಒದ್ದಾಡಿ ನಾನೇ ಹೋದೆ. ಅವರೊಬ್ಬರೇ ಕೂತಿದ್ದರು. ಅಪ್ಪನಿಗೆ ನಿಜ ತಿಳಿಸಿಬಿಡುತ್ತೇನೆಂದು ಅಳುತ್ತ ಹೇಳಿದೆ.

“ಬ್ಯಾಡಮ್ಮ. ಹೇಳುದ್ರೆ ಅವರ ಸಿಟ್ಟು ಸತ್ತೋಳ ಮೇಲೆ ತಿರುಗ್ತದೆ. ಆಮೇಲೆ ಯಾರನ್ನ ನೆನೆಸ್ಕೊಂಡು ಬದುಕ್ಬೇಕು ಅವರು? ನನ್ನ ಮೇಲೇ ಇರ್ಲಿ ಬುಡು.”

ಅಷ್ಟು ಹೇಳುವುದರೊಳಗೆ ಎರಡು ಸಲ ನಿಂತರು. ಅವರ ಉಸಿರು ಏರುಪೇರಾದದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ.

ಮರುವರ್ಷ ಮನೆ ಖಾಲಿ ಮಾಡಿ ಮಗಳ ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ಆಮೇಲೆ ಯಾರೋ ಹೇಳಿದರು. ಅಪ್ಪ ಕೊನೆಯವರೆಗೂ ದಿನಾ ಅಮ್ಮನ ಫೋಟೋಗೆ ಹೂವಿಟ್ಟರು, ಮೇಷ್ಟ್ರನ್ನು ಬೈದರು. ನಾನು ಬಾಯಿ ಬಿಡಲಿಲ್ಲ. ಅದು ಮೇಷ್ಟ್ರ ಮಾತಿಗೆ ಕೊಟ್ಟ ಬೆಲೆಯೋ, ನನ್ನ ಪುಕ್ಕಲುತನವೋ... ಇವತ್ತಿಗೂ ಗೊತ್ತಾಗಿಲ್ಲ. ಈಗ ಹೇಳುತ್ತೇನೆಂದರೂ, ಕೇಳಿಸಿಕೊಳ್ಳಬೇಕಾದವರು ಒಬ್ಬರೂ ಉಳಿದಿಲ್ಲ.